ಮೂಳೆ ಕೂಡದ ಕಾಲು, ನಾನು ಬಿಸಾಕಿದ ಸ್ಯಾಂಪಲ್ಲು

ಈ ಒಂದು ಕಾಲಿಗೆ ನಾನು ಒಟ್ಟು ಐದು ಸಲ ಆಪರೇಷನ್ ಮಾಡಿದೀನಿ. ಮೊದಲನೇದು ಬೇಕಾಗಿತ್ತು. ಎರಡನೇದು, ಮೂರನೇದು ದಂಡ. ನಾಲ್ಕು ಐದು ಆ ದಂಡಕ್ಕೆ ಕಟ್ಟಿದ ಬಡ್ಡಿ, ಕಟ್ಟಿದ್ದು ನಾನಲ್ಲ, ಆ ಹುಡುಗ.

ಮಲೆನಾಡಿನವನು, ಆಗ 26 ವರ್ಷ, ಅಡಿಕೆ ಕೊನೆ ಕೊಯ್ಯೋ ಕೆಲಸ. ಕೊನೆಗೌಡ ಅಂತಾರಲ್ಲ ಅದು. ಕಾಲಿಗೆ ಬಳ್ಳಿ ಹಾಕ್ಕೊಂಡು ಹತ್ತಿ, ಒಂದು ಮರದ ತಲೇಲಿ ಇದ್ದುಕೊಂಡೇ ಅದನ್ನ ಬಗ್ಗಿಸಿ ಪಕ್ಕದ ಮರಕ್ಕೆ ದಾಟೋ ಜನ, ಇಂಥವರಿಗೆ ಕಾಲು ಅಂದ್ರೆ ಬರೀ ನಡೆಯೋಕೆ ಇರೋದಲ್ಲ. ಜೂನ್ ಮಳೇಲಿ ಬೈಕು ಟೆಂಪೋಗೆ ಹೊಡೆದು ಬಲಗಾಲಿನ ಟಿಬಿಯಾ (ಮೊಣಕಾಲ ಕೆಳಗಿನ ದೊಡ್ಡ ಮೂಳೆ) ಮುರಿದಿತ್ತು, ಮುಂದ್ಗಡೆ ಸುಮಾರು 3 ಸೆಂಟಿಮೀಟರ್ ಗಾಯ, ಒಳಗೆ ಕೆಸರು. ಇಂಥ ಗಾಯ ಆದ ಮುರಿತಗಳನ್ನ ಅಳೆಯೋ ಗುಸ್ಟಿಲೋ ಲೆಕ್ಕದಲ್ಲಿ ಟೈಪ್ 2. ತಾಲೂಕು ಆಸ್ಪತ್ರೇಲಿ ಆಂಟಿಬಯಾಟಿಕ್ ಕೊಟ್ಟು ಕಳಿಸಿದ್ರು, ಅದು ಒಳ್ಳೇದೇ ಆಯ್ತು. ನಾನು ರಾತ್ರಿನೇ ತೊಳೆದು, ಸತ್ತ ಮಾಂಸ ಕತ್ತರಿಸಿ, ಮೂಳೆ ಒಳಗೆ 9 ಮಿಲಿಮೀಟರ್ ನೈಲ್ (ಲೋಹದ ಸರಳು) ಹಾಕಿ ಮೇಲೆ ಎರಡು ಕೆಳಗೆ ಎರಡು ಬೋಲ್ಟ್ ಹಾಕ್ದೆ. ಓಟಿಯ ಎಕ್ಸ್‌ರೇ ಮಷೀನ್ ಸಿ-ಆರ್ಮ್‌ನಲ್ಲಿ ನೋಡಿ ಖುಷಿ ಆಯ್ತು, ಫೋಟೋನೂ ತೆಗೆದೆ.

ಟಿಬಿಯಾ ಬಗ್ಗೆ ಗೊತ್ತಿಲ್ದೋರಿಗೆ ಒಂದು ಮಾತು. ಮೊಣಕಾಲ ಕೆಳಗೆ ಮುಂದ್ಗಡೆ ಕೈ ಇಟ್ಟು ನೋಡಿ, ಚರ್ಮದ ಕೆಳಗೆ ಸೀದಾ ಮೂಳೆ ಸಿಗತ್ತೆ, ಮಧ್ಯ ಮಾಂಸನೇ ಇಲ್ಲ. ಮಾಂಸ ಇಲ್ಲ ಅಂದ್ರೆ ರಕ್ತ ಕಮ್ಮಿ, ರಕ್ತ ಕಮ್ಮಿ ಅಂದ್ರೆ ಕೂಡೋದು ನಿಧಾನ, ಮುರಿದಾಗ ಚರ್ಮ ಹರಿಯೋದೂ ಸುಲಭ. ಅದಕ್ಕೇ ಚರ್ಮ ಹರಿದ ಓಪನ್ ಫ್ರ್ಯಾಕ್ಚರ್‌ಗಳಲ್ಲಿ ಈ ಮೂಳೆದೇ ಕಾಟ ಜಾಸ್ತಿ.

ಗಾಯ ಒಣಗೋಕೆ ಐದಾರು ದಿನ ಜಾಸ್ತಿ ತಗೊಳ್ತು. ಹೊಲಿಗೆ ಮಧ್ಯ ಒಂದು ಕಡೆ ತೇವ, ಡ್ರೆಸ್ಸಿಂಗ್ ಮೇಲೆ ನಾಲ್ಕಾಣೆ ಅಗಲ ಹಳದಿ ಕಲೆ. ಆಂಟಿಬಯಾಟಿಕ್ ಇನ್ನೊಂದು ವಾರ ಎಳೆದೆ, ನಿಂತೋಯ್ತು. ಫೈಲಲ್ಲಿ 'ವೂಂಡ್ ಹೆಲ್ದಿ' ಅಂತ ನನ್ನ ಕೈಯಿಂದಾನೇ ಬರೆದಿದೀನಿ. ಈಗ ಆ ಹಾಳೆ ತೆಗೆದು ನೋಡಿದ್ರೆ ಹೊಟ್ಟೆ ಕಿವುಚಿದ ಹಾಗಾಗತ್ತೆ, ಯಾಕಂದ್ರೆ ಕಥೆ ಎಲ್ಲಾ ಅಲ್ಲೇ ಇತ್ತು.

ನಾಲ್ಕು ತಿಂಗಳಿಗೆ ಕ್ಯಾಲಸ್, ಅಂದ್ರೆ ಮುರಿದ ಜಾಗ ಬೆಸೆಯೋ ಹೊಸ ಮೂಳೆ, ಬಹಳ ಕಮ್ಮಿ. ಕಾಲೂರಿದ್ರೆ ನೋವು. ನಾನು ಮಾಡಿದ ಮೊದಲ ಕೆಲಸ ಅವನಿಗೆ ಬೈದಿದ್ದು, ಗುಟ್ಕಾ ತಿಂತೀಯ ಅದಕ್ಕೇ ಕೂಡ್ತಿಲ್ಲ ಅಂತ. ತಿಂತಿದ್ದ, ನಿಜ, ತಂಬಾಕು ಮೂಳೆ ಕೂಡೋದನ್ನ ತಡ ಮಾಡತ್ತೆ ಅನ್ನೋದೂ ನಿಜ. ಆದ್ರೆ ಪೇಷಂಟ್ ಕಡೆಯಿಂದ ಒಂದು ತಪ್ಪು ಸಿಕ್ಕಿಬಿಟ್ರೆ ಡಾಕ್ಟ್ರು ಹುಡುಕೋದು ನಿಲ್ಲಿಸ್ತಾನೆ. ವಿಟಮಿನ್ ಡಿ ಕೊಟ್ಟೆ, ಐದನೇ ತಿಂಗಳಲ್ಲಿ ಡೈನಮೈಸೇಷನ್ ಮಾಡ್ದೆ, ಅಂದ್ರೆ ಒಂದು ಕಡೆ ಬೋಲ್ಟ್ ತೆಗೆದು, ನಡೆದಾಗ ಮೂಳೆ ತುದಿಗಳು ಒಂದಕ್ಕೊಂದು ಒತ್ತಿಕೊಳ್ಳಲಿ ಅಂತ ಬಿಡೋದು. ಏನೂ ಆಗ್ಲಿಲ್ಲ.

9 ತಿಂಗಳಾಯ್ತು, ಕೊನೇ 3 ತಿಂಗಳ ಎಕ್ಸ್‌ರೇಗಳಲ್ಲಿ ಒಂದಿಷ್ಟೂ ವ್ಯತ್ಯಾಸ ಇಲ್ಲ, ಪುಸ್ತಕದ ಪ್ರಕಾರ ನಾನ್‌ಯೂನಿಯನ್, ಅಂದ್ರೆ ಕೂಡದ ಮೂಳೆ. ಇನ್ಫೆಕ್ಷನ್ ಸುಳಿವು ನೋಡೋ ರಕ್ತ ಪರೀಕ್ಷೆಗಳಲ್ಲಿ ಸಿಆರ್‌ಪಿ ಮಾಡಿಸ್ದೆ, ನಾರ್ಮಲ್. ಇಎಸ್‌ಆರ್ 28, ಪರವಾಗಿಲ್ಲ ಅನ್ಕೊಂಡೆ. ಜ್ವರ ಇಲ್ಲ, ಕೀವಿಲ್ಲ, ಕೆಂಪಿಲ್ಲ. ಸರಿ ಇನ್ಫೆಕ್ಷನ್ ಇಲ್ಲ ಅಂತ ತೀರ್ಮಾನ ಮಾಡಿ ಎಕ್ಸ್‌ಚೇಂಜ್ ನೈಲಿಂಗ್, ಹಳೇ ನೈಲ್ ತೆಗೆದು, ಮೂಳೆ ಒಳಗಿನ ಕಾಲುವೆ ರೀಮ್ ಮಾಡಿ (ಕೊರೆದು ಅಗಲ ಮಾಡಿ) 11 ಮಿಲಿಮೀಟರ್‌ದು ಹಾಕ್ದೆ. ರೀಮರ್ ತುದೀಲಿ ಬಂದ ಮೂಳೆ ಪುಡಿ, ನೈಲ್ ಸುತ್ತ ಇದ್ದ ಬೂದು ಬಣ್ಣದ ಪೊರೆ ಎಲ್ಲಾ ಕಿಡ್ನಿ ಟ್ರೇನಲ್ಲಿ ಬಿದ್ದಿತ್ತು. ಸಿಸ್ಟರ್ ಕೇಳಿದ್ರು, "ಸಾರ್ ಕಲ್ಚರ್‌ಗೆ ಏನಾದ್ರೂ ಕಳಿಸ್ಬೇಕಾ?" ಅಂತ, ಅಂದ್ರೆ ಬ್ಯಾಕ್ಟೀರಿಯಾ ಬೆಳೆಯತ್ತಾ ಅಂತ ಲ್ಯಾಬಲ್ಲಿ ನೋಡೋಕೆ. ಒಂದು ಸ್ವಾಬ್ (ಹತ್ತಿ ಕಡ್ಡೀಲಿ ಸವರಿದ್ದು) ತಗೊಳ್ಳಿ ಸಾಕು ಅಂದೆ. ಅದೂ ಅನಸ್ತೇಷಿಯಾ ಕೊಡೋ ಹೊತ್ತಿಗೇ ಆಂಟಿಬಯಾಟಿಕ್ ಇಂಜೆಕ್ಷನ್ ಹೋಗಿ ಆಗಿತ್ತು. ಮೂರನೇ ದಿನ ರಿಪೋರ್ಟ್ ಬಂತು, ನೋ ಗ್ರೋತ್. ಬೆಳೆಯೋಕೆ ನಾನು ಬಿಟ್ಟಿದ್ರೆ ತಾನೆ.

ಆಮೇಲೆ ಅವನು ಮೂರು ತಿಂಗಳು ಬರಲೇ ಇಲ್ಲ. ಪುತ್ತೂರು ಕಟ್ಟು ಕಟ್ಟಿಸ್ಕೊಂಡಿದ್ದ (ಆಂಧ್ರದ ಪುತ್ತೂರು, ನಮ್ಮ ದಕ್ಷಿಣ ಕನ್ನಡದ್ದಲ್ಲ). ಸೊಪ್ಪು, ಮೊಟ್ಟೆ, ಬಿದಿರಿನ ಪಟ್ಟಿ. ಮುಂಚೆ ಆಗಿದ್ರೆ ಎಗರಾಡ್ತಿದ್ದೆ, ಆದ್ರೆ ನಾನು ಮೂರು ಸಲ ಕೊಯ್ದು ಸರಿಯಾಗದೆ ಇರೋ ಕಾಲನ್ನ ಅವನು ಇನ್ನೊಬ್ಬರ ಹತ್ರ ತಗೊಂಡು ಹೋದ ಅಂತ ಬೈಯೋಕೆ ನನಗೆ ಯಾವ ಮುಖ ಇದೆ? ಅವರಮ್ಮ ಮಾತ್ರ ಅಳುಕಿಲ್ದೆ ಹೇಳಿದ್ರು, "ಡಾಕ್ಟ್ರೇ, ಅಲ್ಲೂ ಗುಣ ಆಗ್ಲಿಲ್ಲ, ಅದಕ್ಕೆ ನಿಮ್ಮ ಹತ್ರನೇ ಬಂದ್ವಿ." ಇದನ್ನ ಹೊಗಳಿಕೆ ಅನ್ಕೊಳೋ ಹಾಗೂ ಇಲ್ಲ.

ಆ ದಿನ ಮೊದಲ ಸಲ ಸರಿಯಾಗಿ ಕೂರಿಸಿ ಮಾತಾಡಿಸ್ದೆ. ನಡೆದಾಗ ನೋಯತ್ತಾ ಅಂತ ಮಾತ್ರ ಕೇಳ್ತಿದ್ದೆ ಅಷ್ಟು ದಿನ. ನೋವು ಯಾವಾಗ ಅಂತ ಬಾಯಿ ಬಿಟ್ಟು ಕೇಳಿದ್ರೆ, "ರಾತ್ರಿ ಸಾರ್, ಮಲಗಿದ್ರೂ ಒಳಗೆ ಜುಮುಜುಮು ಅನ್ನತ್ತೆ, ನಿದ್ದೆ ಹತ್ತಲ್ಲ" ಅಂದ. ಎಷ್ಟು ದಿನದಿಂದ? "ಮೊದಲ ಆಪರೇಷನ್ ಆದ ಮೇಲಿಂದಾನೂ." ಎರಡೂ ಕಾಲಿನ ಮೇಲೆ ಅಂಗೈ ಹಿಂಭಾಗ ಇಟ್ಟು ನೋಡಿದ್ರೆ ಬಲಗಾಲು ಒಂಚೂರು ಬೆಚ್ಚಗೆ. ಮೂಳೆ ಅಲ್ಲಾಡಿ ಬರೋ ನೋವು ಮಲಗಿದ್ರೆ ಕಮ್ಮಿ ಆಗಬೇಕು, ಇದು ಮಲಗಿದಾಗಲೇ ಜಾಸ್ತಿ.

ಅವತ್ತು ಸಂಜೆ ನನಗೆ ಪಿಜಿಯಲ್ಲಿ ಪಾಠ ಹೇಳಿದ ಸರ್‌ಗೆ ಎಕ್ಸ್‌ರೇ ಕಳಿಸಿ ಫೋನ್ ಮಾಡ್ದೆ. ಅವರು ಎಕ್ಸ್‌ರೇ ವಿಷಯ ಎತ್ತಲೇ ಇಲ್ಲ.

"ಎಷ್ಟು ಸ್ಯಾಂಪಲ್ ಕಳಿಸಿದ್ಯೋ?"

"ಒಂದು ಸ್ವಾಬ್ ಸಾರ್, ನೋ ಗ್ರೋತ್."

"ಹಾಗಾದ್ರೆ ಒಂದೂ ಕಳಿಸಿಲ್ಲ ಅನ್ನು."

ಆಮೇಲೆ ಕೂತು ಓದಿದೆ. 2018ರಲ್ಲಿ ಬೇರೆ ಬೇರೆ ದೇಶದ ಪರಿಣತರು ಸೇರಿ ಫ್ರ್ಯಾಕ್ಚರ್ ಸಂಬಂಧದ ಇನ್ಫೆಕ್ಷನ್ ಅಂದ್ರೆ ಏನು ಅಂತ ಒಂದು ವ್ಯಾಖ್ಯೆ ಪ್ರಕಟಿಸಿದ್ರು. ಮೂಳೆವರೆಗೆ ಹೋಗೋ ಸೈನಸ್ (ಚರ್ಮದಿಂದ ಒಳಗೆ ಹೋಗೋ ತೂತು) ಅಥವಾ ಕೀವು ಇದ್ರೆ ಖಚಿತ, ಬೇರೆ ಬೇರೆ ಎರಡು ಆಳದ ಸ್ಯಾಂಪಲ್‌ಗಳಲ್ಲಿ ಒಂದೇ ಬ್ಯಾಕ್ಟೀರಿಯಾ ಬಂದ್ರೂ ಖಚಿತ. ಮೂಳೆ ಕೂಡದೆ ಇರೋದು, ಸಿಆರ್‌ಪಿ ಏರೋದು ಇವೆಲ್ಲ ಬರೀ ಅನುಮಾನದ ಪಟ್ಟಿಲಿ. ಅಂದ್ರೆ ಸಿಆರ್‌ಪಿ ಜಾಸ್ತಿ ಇದ್ರೆ ಹುಡುಕು ಅಂತ ಅರ್ಥ, ನಾರ್ಮಲ್ ಇದ್ರೆ ಹುಡುಕಬೇಡ ಅಂತ ಅರ್ಥ ಅಲ್ಲ. ನಾನು ಅದನ್ನ ಉಲ್ಟಾ ಓದಿದ್ದೆ. ಲೋಹದ ಮೇಲೆ ಬಯೋಫಿಲ್ಮ್ ಅನ್ನೋ ಅಂಟು ಪೊರೆ ಕಟ್ಟಿದ ಬ್ಯಾಕ್ಟೀರಿಯಾ ಸದ್ದಿಲ್ದೆ ಇರತ್ತೆ, ರಕ್ತದಲ್ಲಿ ಗಲಾಟೆ ಮಾಡಲ್ಲ. ಮಳೆಗಾಲದಲ್ಲಿ ಅಂಗಳದ ಕಲ್ಲಿಗೆ ಪಾಚಿ ಹಿಡಿಯತ್ತಲ್ಲ, ಎಷ್ಟು ನೀರು ಹೊಯ್ದ್ರೂ ಹೋಗಲ್ಲ, ಕೆರೆದೇ ತೆಗೀಬೇಕು, ಹಾಗೆ. ಮಾತ್ರೆ ಕೊಟ್ಟು ಕಾಯೋದು ಅಂದ್ರೆ ಪಾಚಿಗೆ ನೀರು ಹೊಯ್ಯೋದೇ. ಸ್ವಾಬ್ ಅಂತೂ ಪಾಚಿ ಮೇಲೆ ಹತ್ತಿ ಸವರಿದ ಹಾಗೆ.

ಎಕ್ಸ್‌ರೇನೂ ಹೇಳ್ತಿತ್ತು, ನಾನು ಕೇಳಿರ್ಲಿಲ್ಲ. ಮೂಳೆ ಅಲ್ಲಾಡಿ ಕೂಡದೆ ಇದ್ರೆ ತುದಿಗಳು ಆನೆ ಪಾದದ ಥರ ಊದಿಕೊಳ್ತವೆ, ದೇಹ ಪ್ರಯತ್ನ ಮಾಡ್ತಾ ಇದೆ ಅಂತ. ಅಂಥವಕ್ಕೆ ದಪ್ಪ ನೈಲ್ ಚೆನ್ನಾಗಿ ಕೆಲಸ ಮಾಡತ್ತೆ. ಇವನದ್ದು ತುದಿಗಳು ಸಣಕಲಾಗಿದ್ವು, ಪೆನ್ಸಿಲ್ ಕೆತ್ತಿದ ಹಾಗೆ.

ನಾಲ್ಕನೇ ಸಲ ಹೀಗೆ ಮಾಡ್ದೆ. ಎರಡು ವಾರ ಮೊದಲೇ ಎಲ್ಲಾ ಆಂಟಿಬಯಾಟಿಕ್ ಬಂದ್ (ಊರಿನ ಮೆಡಿಕಲ್ ಶಾಪಿಂದ ತಾನೇ ತಗೊಂಡು ನುಂಗ್ತಿದ್ದದ್ದೂ ಸೇರಿ, ಇದನ್ನ ಬಿಡಿಬಿಡಿಯಾಗಿ ಕೇಳಬೇಕು, ಇಲ್ಲಾಂದ್ರೆ ಹೇಳಲ್ಲ). ಓಟಿಯಲ್ಲೂ ಸ್ಯಾಂಪಲ್ ತೆಗೆಯೋವರೆಗೆ ಇಂಜೆಕ್ಷನ್ ಬೇಡ ಅಂತ ಅನಸ್ತೇಷಿಯಾದವರಿಗೆ ಎರಡೆರಡು ಸಲ ಹೇಳ್ದೆ, ಅವರಿಗೆ ಕೈ ಅಭ್ಯಾಸ. ಐದು ಜಾಗದಿಂದ ಐದು ತುಂಡು, ಪ್ರತಿ ತುಂಡಿಗೂ ಹೊಸ ಬ್ಲೇಡು, ಬೇರೆ ಫೋರ್ಸೆಪ್ಸ್, ಬೇರೆ ಡಬ್ಬಿ, ಒಂದೇ ಫೋರ್ಸೆಪ್ಸಲ್ಲಿ ಐದೂ ತೆಗೆದ್ರೆ ಅದು ಐದಲ್ಲ. ಇವಲ್ಲದೆ ಮೈಕ್ರೋಸ್ಕೋಪಲ್ಲಿ ನೋಡೋ ಹಿಸ್ಟೋಪೆಥಾಲಜಿಗೆ ಒಂದು, ಟಿಬಿ ನೋಡೋಕೆ ಸಿಬಿನ್ಯಾಟ್‌ಗೆ ಒಂದು, ನಮ್ಮ ದೇಶದಲ್ಲಿ ಇದನ್ನ ಮರೆಯೋ ಹಾಗಿಲ್ಲ. ಲ್ಯಾಬಿಗೆ ನಾನೇ ಹೋಗಿ 14 ದಿನ ಕಲ್ಚರ್ ಪ್ಲೇಟ್ ಬಿಸಾಕಬೇಡಿ ಅಂತ ಹೇಳಿ ಬಂದೆ. ಟೆಕ್ನಿಷಿಯನ್ ಹುಡುಗ, ಅಷ್ಟು ದಿನ ಯಾಕೆ ಸಾರ್ ಅಂತ ನಕ್ಕ.

ಒಳಗೆ ಒಂದು ಹನಿ ಕೀವು ಇರ್ಲಿಲ್ಲ. ನೈಲ್ ತೆಗೆದು, ಕಾಲುವೆ ರೀಮ್ ಮಾಡಿ, ಮೂಳೆ ತುದಿ ಕತ್ತರಿಸ್ತಾ ಹೋದೆ. ಸತ್ತ ಮೂಳೆ ಹಳೇ ದಂತದ ಥರ ಬೆಳ್ಳಗೆ ಒಣ ಒಣ, ಬದುಕಿರೋ ಮೂಳೆ ಬಂತು ಅಂದ್ರೆ ಮೆಣಸಿನಪುಡಿ ಉದುರಿಸಿದ ಹಾಗೆ ಸಣ್ಣ ಸಣ್ಣ ರಕ್ತದ ಚುಕ್ಕೆ ಏಳ್ತವೆ. ಆ ಚುಕ್ಕೆ ಕಾಣೋ ಹೊತ್ತಿಗೆ 3 ಸೆಂಟಿಮೀಟರ್ ಹೋಗಿತ್ತು. ಇಲ್ಲಿ ಕೈ ಹಿಂಜರಿಯತ್ತೆ, ಸ್ವಲ್ಪ ಉಳಿಸೋಣ ಅನ್ಸತ್ತೆ. ಉಳಿಸಿದ್ರೆ ಇನ್ಫೆಕ್ಷನ್ನೂ ಉಳಿಯತ್ತೆ.

ಆಮೇಲೆ ಸಿಮೆಂಟ್ ನೈಲ್. ರೆಡಿಮೇಡ್ ಸಿಗತ್ತೆ, ದುಬಾರಿ, ನಾವು ಟೇಬಲ್ ಮೇಲೇ ಮಾಡ್ಕೊಂಡ್ವಿ. 40 ಗ್ರಾಂ ಬೋನ್ ಸಿಮೆಂಟ್ ಪುಡಿಗೆ 2 ಗ್ರಾಂ ವ್ಯಾಂಕೋಮೈಸಿನ್ ಅನ್ನೋ ಆಂಟಿಬಯಾಟಿಕ್ ಪುಡಿ ಕಲಸಿ, ಲಿಕ್ವಿಡ್ ಹಾಕಿ, ಚೆಸ್ಟ್ ಟ್ಯೂಬ್ ಒಳಗೆ ತುಂಬಿ, ಮಧ್ಯ ಕಂಬಿ ತೂರಿಸಿ, ಗಟ್ಟಿಯಾದ ಮೇಲೆ ಟ್ಯೂಬ್ ಸೀಳಿ ಸುಲಿಯೋದು. ಪೆಪ್ಸಿ ಐಸ್ ಮಾಡಿದ ಹಾಗೆ. ಬಿಸಿ ಆಗೋಕೆ ಮುಂಚೆ ತುಂಬಿ ಮುಗಿಸ್ಬೇಕು, ನನ್ನ ಮೊದಲನೇದು ಅರ್ಧದಲ್ಲೇ ಕಲ್ಲಾಗಿ ಹಾಳಾಯ್ತು, ಎರಡನೇ ಪ್ಯಾಕೆಟ್ ಒಡೆದ್ವಿ. ಸಿಮೆಂಟ್ ನೈಲ್ ಮೂಳೆ ಹಿಡಿದು ನಿಲ್ಲಿಸೋ ಅಷ್ಟು ಗಟ್ಟಿ ಅಲ್ಲ, ಅದಕ್ಕೆ ಹೊರಗಿಂದ ಮೂಳೆ ಹಿಡಿಯೋ ಲೋಹದ ಚೌಕಟ್ಟು, ಎಕ್ಸ್‌ಟರ್ನಲ್ ಫಿಕ್ಸೇಟರ್.

ಎರಡನೇ ದಿನ ಏನಿಲ್ಲ, ಮೂರನೇ ದಿನ ಏನಿಲ್ಲ. ಐದನೇ ದಿನ ಅದೇ ಟೆಕ್ನಿಷಿಯನ್ ಹುಡುಗನ ಫೋನು, "ಸಾರ್ ಎರಡರಲ್ಲಿ ಬಂದಿದೆ." ಏಳನೇ ದಿನಕ್ಕೆ ಮೂರರಲ್ಲಿ. ಕೊಯಾಗ್ಯುಲೇಸ್ ನೆಗೆಟಿವ್ ಸ್ಟೆಫೈಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾ, ಮೆಥಿಸಿಲಿನ್ ಅನ್ನೋ ಆಂಟಿಬಯಾಟಿಕ್‌ಗೆ ಬಗ್ಗದ್ದು. ಒಂದೇ ಸ್ವಾಬ್‌ನಲ್ಲಿ ಇದು ಬಂದಿದ್ರೆ ಚರ್ಮದ ಮೇಲಿನದು, ಕಂಟಾಮಿನೇಷನ್ ಅಂತ ತಳ್ಳಿ ಹಾಕ್ತಿದ್ವಿ, ಐದರಲ್ಲಿ ಮೂರು ಕಡೆ ಅದೇ ಬಂದಾಗ ಆ ಮಾತು ನಡೆಯಲ್ಲ. ಟಿಬಿ ಇರ್ಲಿಲ್ಲ. ವ್ಯಾಂಕೋಮೈಸಿನ್ ಎರಡು ವಾರ, ಆಮೇಲೆ ಲಿನೆಜೋಲಿಡ್ ಮಾತ್ರೆ ನಾಲ್ಕು ವಾರ, ಪ್ಲೇಟ್ಲೆಟ್ ಇಳಿಯತ್ತೆ ಅಂತ ವಾರವಾರ ರಕ್ತ ನೋಡ್ತಾ. ರಾತ್ರಿ ನೋವು ಹತ್ತು ದಿನದಲ್ಲೇ ಹೋಯ್ತು ಅಂದ. ಒಂದೂಕಾಲು ವರ್ಷದ ನೋವು.

ಆರು ವಾರಕ್ಕೆ ಸಿಮೆಂಟ್ ನೈಲ್ ತೆಗೆದು, ಕತ್ತರಿಸಿದ 3 ಸೆಂಟಿಮೀಟರ್ ಖಾಲಿ ಜಾಗ ತುಂಬೋಕೆ ಇಲಿಜರೋವ್ ರಿಂಗ್, ಕಾಲಿನ ಸುತ್ತ ಕೂರಿಸೋ ಲೋಹದ ಬಳೆಗಳು. ಮೊಣಕಾಲ ಹತ್ರ ಮೂಳೆಯನ್ನ ಹುಷಾರಾಗಿ ಕೊಯ್ದು, ಏಳು ದಿನ ಬಿಟ್ಟು, ಆಮೇಲೆ ಆ ಕೊಯ್ದ ತುಂಡನ್ನ ದಿನಕ್ಕೆ 1 ಮಿಲಿಮೀಟರ್ ಕೆಳಗೆ ಎಳೀತಾ ಹೋಗೋದು, ಹಿಂದೆ ಹೊಸ ಮೂಳೆ ಬೆಳೀತಾ ಬರತ್ತೆ. ಒಂದೇ ಸಲ ಅಲ್ಲ, ದಿನಕ್ಕೆ ನಾಲ್ಕು ಸಲ, ಕಾಲು ಕಾಲು ಮಿಲಿಮೀಟರ್. "ಕಾಲಿಗೆ ಕಾಲು ಮಿಲಿಮೀಟರ್ರಾ ಸಾರ್" ಅಂತ ಅವನೇ ಜೋಕ್ ಮಾಡ್ದ. ನಟ್ಟು ತಿರುಗಿಸೋದು ಅವರಮ್ಮ ಕಲಿತ್ರು, ಕಾಫಿ, ಊಟ, ಸಂಜೆ ಕಾಫಿ, ರಾತ್ರಿ ಊಟ, ನಾಲ್ಕು ಹೊತ್ತು, ಒಂದು ಸಲನೂ ತಪ್ಪಿಲ್ಲ, ಹಳೇ ಕ್ಯಾಲೆಂಡರ್ ಹಿಂದೆ ಗೀಟು ಎಳೆದು ಇಟ್ಟಿದ್ರು. ಕಾಲಿನ ತುಂಬಾ ಕಂಬಿ ನೋಡಿ ಅವನಿಗೆ ಧೈರ್ಯ ಹೋದಾಗ ನಾನು ಇಟಲಿಯ ಪರ್ವತಾರೋಹಿ ಕಾರ್ಲೋ ಮೌರಿ ಕಥೆ ಹೇಳ್ತಿದ್ದೆ. ಅವನದ್ದೂ ಇದೇ ಮೂಳೆ, ವರ್ಷಗಟ್ಟಲೆ ಸರಿಹೋಗದೆ, 1980ರಲ್ಲಿ ಸೈಬೀರಿಯಾದ ಕುರ್ಗಾನ್ ಅನ್ನೋ ಊರಿಗೆ ಹೋಗಿ ಇಲಿಜರೋವ್ ಡಾಕ್ಟ್ರ ಹತ್ರಾನೇ ಸರಿ ಮಾಡಿಸ್ಕೊಂಡು ಬಂದ, ಆಮೇಲೆನೇ ಪಶ್ಚಿಮದ ಡಾಕ್ಟ್ರುಗಳು ಈ ರಿಂಗ್ ಕಡೆ ತಿರುಗಿ ನೋಡಿದ್ದು. "ಅವ್ನು ಮತ್ತೆ ಬೆಟ್ಟ ಹತ್ತಿದ್ನಾ ಸಾರ್?" ಅಂತ ಒಂದೇ ಪ್ರಶ್ನೆ ಇವನದ್ದು. ಹುಷಾರಾಗು ಮೊದಲು ಮಾರಾಯ ಅಂತಿದ್ದೆ.

ಏಳು ತಿಂಗಳು ರಿಂಗ್ ಇತ್ತು. ಪಿನ್ ಜಾಗದಲ್ಲಿ ಎರಡು ಸಲ ಕೀವಾಯ್ತು, ಡ್ರೆಸ್ಸಿಂಗಲ್ಲೇ ಹೋಯ್ತು. ಪಾದದ ಕೀಲು ಇನ್ನೂ ಪೂರ್ತಿ ಮಡಚಲ್ಲ, ಕಾಲು ಅರ್ಧ ಸೆಂಟಿಮೀಟರ್ ಗಿಡ್ಡ, ಆದ್ರೆ ಕೂಡಿದೆ.

ಈಗ ನಾನ್‌ಯೂನಿಯನ್ ಅಂತ ಯಾರೇ ಬಂದ್ರೂ ಆಪರೇಷನ್ ಲಿಸ್ಟಲ್ಲಿ ಹೆಸರಿನ ಪಕ್ಕ '5 ಡಬ್ಬಿ' ಅಂತ ಬರೀತೀನಿ, ಸಿಆರ್‌ಪಿ ಎಷ್ಟೇ ಇರಲಿ. ಸಿಸ್ಟರ್ ಕೇಳೋಕೆ ಮುಂಚೆ ಟ್ರಾಲಿ ಮೇಲೆ ಇರತ್ತೆ. ಎಷ್ಟೋ ಸಲ ಐದೂ ನೋ ಗ್ರೋತ್ ಬರತ್ತೆ, ಖರ್ಚು ದಂಡ ಅಂತ ಜೊತೆಯವರು ರೇಗಿಸ್ತಾರೆ.

ಹೋದ ತಿಂಗಳು ಚೆಕಪ್‌ಗೆ ಬಂದಿದ್ದ. ಈಗ ಅಡಿಕೆ ಸುಲಿಯೋ ಮಷೀನ್ ಕೆಲಸ ಅಂತ ಹೇಳ್ದ. ಅವರಮ್ಮ, "ಡಾಕ್ಟ್ರೇ, ಮರ ಹತ್ತಬಾರ್ದು ಅಂತ ಚೀಟಿ ಮೇಲೆ ಬರೆದುಕೊಡಿ, ನಾ ಹೇಳಿದ್ರೆ ಕೇಳಲ್ಲ" ಅಂದ್ರು. ಬರೆಯೋಕೆ ಮುಂಚೆ ಕಾಲು ನೋಡೋಣ ಅಂತ ಬೆಡ್ ಮೇಲೆ ಮಲಗಿಸ್ದೆ. ಎರಡೂ ಪಾದದ ಒಳಬದೀಲಿ ಬಳ್ಳಿ ಉಜ್ಜಿದ ಗುರುತು, ಹೊಸದು. ಅವನು ನನ್ನ ಮುಖ ನೋಡ್ದ, ನಾನು ಅವರಮ್ಮನ ಕಡೆ ನೋಡದೆ ಪೆನ್ನು ಹುಡುಕಿದೆ.