ಮೊದಲು ದ್ರುತ್ (ವೇಗದ್ದು), ಆಮೇಲೆ ವಿಲಂಬಿತ್ (ನಿಧಾನದ್ದು): ನನ್ನ ಅನುಭವ

ಹುಬ್ಬಳ್ಳಿಯಲ್ಲಿ ನನ್ನ ರೇಡಿಯೋ ರಿಪೇರಿ ಅಂಗಡಿ. ಅದರ ಮೇಲಿನ ಖೋಲಿಯಲ್ಲಿ ಪ್ರತಿ ಭಾನುವಾರ ಸಂಜೆ ಆರಕ್ಕೆ ಸುಮಾರು 30 ಜನ ಹಿಂದುಸ್ತಾನಿ ಸಂಗೀತದ ಖ್ಯಾಲ್ ಕೇಳಲು ಕೂರುತ್ತಾರೆ. ಒಮ್ಮೊಮ್ಮೆ 26, ಒಮ್ಮೊಮ್ಮೆ 33. ಅವರಲ್ಲಿ ಮುಕ್ಕಾಲು ಪಾಲು ಜನ ಮೊದಲು "ಆ ಆ ಅಂತ ಒದರೋದು ಯಾತರ ಹಾಡ್ರೀ" ಅಂತ ನಗುತ್ತಿದ್ದವರೇ. ಇಂಥ ಕೂಟ ನಡೆಸುವವರು ನಮ್ಮ ಕಡೆ ಊರಿಗೊಬ್ಬರಾದರೂ ಇರ್ತಾರೆ. ಅಂಥವರಿಗೆ ರಾಗ, ತಾಳ ಏನು ಅಂತ ನಾನು ಹೇಳಬೇಕಿಲ್ಲ. ನಾನು ಎಲ್ಲೆಲ್ಲಿ ಸೋತೆ, ಎಷ್ಟು ಕಳೆದುಕೊಂಡೆ, ಕಡೆಗೆ ಯಾವುದು ಕೈಹಿಡಿಯಿತು, ಅಷ್ಟು ಹೇಳುತ್ತೇನೆ.

ಮೊದಲ ವರ್ಷ ಎಲ್ಲರಂತೆ ನಾನೂ ಮೊದಲು ವಿಲಂಬಿತ್, ಆಮೇಲೆ ದ್ರುತ್ ಅನ್ನೋ ಕ್ರಮದಲ್ಲೇ ಹೊರಟೆ. ಗಾಯಕಿ ಗಂಗೂಬಾಯಿ ಹಾನಗಲ್ ಬಾಳಿ ಬದುಕಿದ ಊರು, ಅವರ ಗುರು ಸವಾಯಿ ಗಂಧರ್ವರ ಕುಂದಗೋಳ ಇಲ್ಲೇ ಮಗ್ಗುಲಲ್ಲಿ. ಜನ ಕೇಳದೆ ಎಲ್ಲಿ ಹೋಗ್ತಾರೆ ಅನ್ನೋ ಧೈರ್ಯ. ಅವರ ಕಿರಾಣಾ ಘರಾಣೆಯ (ಹಾಡುವ ಪರಂಪರೆಯ) ವಿಲಂಬಿತ್ ಏಕತಾಲದ ಹಾಡು, 50 ನಿಮಿಷದ್ದು, ಹಾಕಿ ಕೂತೆ. ಮೊದಲ ವಾರ 19 ಜನ ಬಂದರು. ಮೂರನೇ ವಾರ ನಾಲ್ಕೇ ಜನ. ಅದರಲ್ಲಿ ಒಬ್ಬ ನನ್ನ ಅಳಿಯ, ಊಟಕ್ಕೆ ಕರೆಯಲು ಬಂದವನು.

ಆಮೇಲೆ ಅನ್ನಿಸಿತು, ಧ್ವನಿಮುದ್ರಣ ಬೇಡ, ಎದುರಿಗೆ ಹಾಡಿಸೋಣ. ಗಾಯಕರ ಸಂಭಾವನೆ 15 ಸಾವಿರ, ತಬಲಾ ಮತ್ತು ಪೇಟಿಗೆ (ಹಾರ್ಮೋನಿಯಂಗೆ) ಸೇರಿ ಏಳು, ಹಾಲ್ ಬಾಡಿಗೆ, ಮೈಕ್, ಹಾರ, ಚಹಾ ಎಲ್ಲ ಕೂಡಿ 30 ದಾಟಿತು. 100 ರೂಪಾಯಿ ಟಿಕೆಟ್. ಅವತ್ತೇ ಮಳೆ. ಕೈಬಿಟ್ಟು ಹೋದದ್ದು ಹತ್ತಿರ ಹತ್ತಿರ 24 ಸಾವಿರ. ಅದು ನಮ್ಮ ಮನೆಯವಳು ಹೊಸ ಫ್ರಿಜ್‌ಗೆ ಅಂತ ಎತ್ತಿಟ್ಟ ದುಡ್ಡು. ಹಳೆಯ ಫ್ರಿಜ್ ಇನ್ನೂ ಇದೆ. ಗುಂಯ್ ಅಂದಾಗಲೆಲ್ಲ ಅವಳು ನನ್ನ ಕಡೆ ನೋಡುತ್ತಾಳೆ. (ಪೇಟಿ ಹಿಡಿದು ನೋಡಿದೆ, ಆ ಗುಂಯ್ ಬಿಳಿ ಐದರ ಶ್ರುತಿಗೆ ಹತ್ತಿರ ಇದೆ.)

ಮೂರನೆಯದು ಕಪ್ಪು ಹಲಗೆ. ಆರೋಹ, ಅವರೋಹ, ವಾದಿ, ಸಂವಾದಿ ಅಂತ ರಾಗದ ಲಕ್ಷಣ ಎಲ್ಲ ಬರೆದೆ. ಜನ ನೋಟ್‌ಬುಕ್ ತಂದರು, ಬರೆದುಕೊಂಡರು, ಹಾಡು ಕೇಳಲಿಲ್ಲ. ಅದನ್ನು ಎರಡೇ ತಿಂಗಳಿಗೆ ಬಿಟ್ಟೆ.

ದಾರಿ ತೋರಿಸಿದವನು ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ. ಒಂದು ಹಳೆಯ ಅಂಪ್ಲಿಫೈಯರಿಗೆ ಕೆಪ್ಯಾಸಿಟರ್ ಬದಲಿಸಿ, ಪರೀಕ್ಷೆಗೆ ಅಂತ ಸುಮ್ನೆ ಒಂದು ದ್ರುತ್ ತೀನ್‌ತಾಲ, ಅಂದರೆ ಹದಿನಾರು ಮಾತ್ರೆಯ (ಎಣಿಕೆಯ) ತಾಳದ ವೇಗದ ಹಾಡು, ಹಾಕಿದ್ದೆ. ಅವನು ಬೇರೆ ಸೆಟ್ ಬಿಚ್ಚುತ್ತಿದ್ದ. ಐದು ನಿಮಿಷ ಆಗಿರಬಹುದು. ನೋಡುತ್ತೇನೆ, ಅವನ ಸ್ಕ್ರೂಡ್ರೈವರ್ ಟೇಬಲ್ ಮೇಲೆ ಟಕ್ ಅಂತ ಬೀಳುತ್ತಿದೆ. ಎಲ್ಲಿ? ಸರಿಯಾಗಿ ಸಮ್ ಮೇಲೆ, ಅಂದರೆ ತಾಳದ ಸುತ್ತು (ಆವರ್ತನ) ಶುರುವಾಗುವ ಮೊದಲ ಪೆಟ್ಟಿನ ಮೇಲೆ. ಒಂದು ಸಲ ಅಲ್ಲ, ಪ್ರತಿ ಆವರ್ತನಕ್ಕೂ. ಸಮ್ ಬರೋದಕ್ಕೆ ಇನ್ನೇನು ಎರಡು ಮಾತ್ರೆ ಇರುವಾಗ ನಾನು ಬೇಕಂತಲೇ ಆಫ್ ಮಾಡಿದೆ. ಸ್ಕ್ರೂಡ್ರೈವರ್ ಗಾಳಿಯಲ್ಲೇ ನಿಂತಿತು. ಹುಡುಗ ತಲೆ ಎತ್ತಿ, "ಯಾಕ್ರೀ ಅಣ್ಣಾರ, ಬಂದ್ ಮಾಡಿದ್ರಿ? ಅಂವ ಇನ್ನೂ ಬಂದು ಮುಟ್ಟಿದ್ದಿಲ್ಲ" ಅಂದ.

ಸಮ್ ಅನ್ನೋ ಪದವೇ ಗೊತ್ತಿಲ್ಲದವನ ಮಾತು ಇದು. ಜನಕ್ಕೆ ಬೇಕಾಗಿದ್ದು ರಾಗದ ಪರಿಚಯ ಅಲ್ಲ, ಕಾಯೋ ಚಟ. ದ್ರುತ್‌ನಲ್ಲಿ ನಾಲ್ಕೈದು ಸೆಕೆಂಡು ಕಾದರೆ ಸಮ್ ಸಿಗುತ್ತದೆ. ಕಿರಾಣಾದ ವಿಲಂಬಿತ್ ಏಕತಾಲದಲ್ಲಿ ಮಾತ್ರೆ ಹನ್ನೆರಡೇ ಆದರೂ ಒಂದು ಆವರ್ತನಕ್ಕೆ ಹತ್ತಿರ ಹತ್ತಿರ ಒಂದು ನಿಮಿಷ. ಹೊಸಬನಿಗೆ ಒಂದು ನಿಮಿಷ ಕಾಯಿಸಿದರೆ ಅವನು ಮೊಬೈಲ್ ತೆಗೆಯದೆ ಇನ್ನೇನು ಮಾಡ್ತಾನೆ?

ಹಾಗಾಗಿ ಎಲ್ಲ ತಿರುವಿ ಹಾಕಿದೆ. ತಿಂಗಳಿಗೆ ಒಂದೇ ರಾಗ. ಮೊದಲ ತಿಂಗಳು ಭೂಪ್. ಮೊದಲ ಭಾನುವಾರ ಬರೀ ದ್ರುತ್, ಮೂವರು ಬೇರೆ ಬೇರೆ ಗಾಯಕರದು, ಏಳೆಂಟು ನಿಮಿಷದ್ದು. ನಾನು ಹೇಳುವುದು ಒಂದೇ ಮಾತು: ತಬಲಾ, ಹಾಡು ಎರಡೂ ಕೂಡಿ ಬಂದು ಬೀಳುವ ಜಾಗಕ್ಕೆ ತೊಡೆ ತಟ್ಟಿ. ಎರಡನೇ ವಾರ ಮಧ್ಯಲಯ. ಮೂರನೇ ವಾರ ಜೈಪುರ ಘರಾಣೆಯ ಕಿಶೋರಿ ಅಮೋಣಕರರ ಭೂಪ್. ಜೈಪುರದವರ ವಿಲಂಬಿತ್ ತೀನ್‌ತಾಲ ಕಿರಾಣಾದ ಏಕತಾಲಕ್ಕಿಂತ ಬೇಗ ತಿರುಗುತ್ತದೆ, ಒಳ್ಳೇ ಸೇತುವೆ. ಬೇರೆ ರಾಗದ ತಿಂಗಳಲ್ಲಿ ಈ ಜಾಗಕ್ಕೆ ಅದೇ ಘರಾಣೆಯ ಮಲ್ಲಿಕಾರ್ಜುನ ಮನ್ಸೂರರು. ಅವರು ಎಲ್ಲೂ ನಿಲ್ಲಗೊಡುವುದಿಲ್ಲ, ಹೊಸಬರು ಬೆನ್ನುಹತ್ತಿ ಹೋಗ್ತಾರೆ. ನಾಲ್ಕನೇ ವಾರ ಕಿರಾಣಾದ ವಿಲಂಬಿತ್, ಪೂರ್ತಿ. ಮೊದಲ ವರ್ಷ ಜನ ಎದ್ದು ಹೋಗಿದ್ದರಲ್ಲ, ಅದೇ ಅಳತೆಯದು. ಈ ಸಲ ಒಬ್ಬರೂ ಏಳಲಿಲ್ಲ.

ನನಗೆ ಪೇಟಿ ಕಲಿಸಿದ ಗುರುಗಳು ಆವಾಗಲೇ ಬೈದಿದ್ದರು. "ಊಟಕ್ಕ ಕೂಡಿಸಿ ಮೊದಲ ಮಸರನ್ನ ಬಡಸ್ತೀಯೇನೋ? ವಿಲಂಬಿತ್ ಇಲ್ದ ರಾಗ ಹೆಂಗ ತೆರೀತದ?" ಕಲಿಯುವವನಿಗೆ ಆ ಮಾತು ಸರಿ. ಕೇಳುವವನಿಗೆ ಅಲ್ಲ ಅಂತ ನನ್ನ ವಾದ.

ಅವರಿಗೆ ತೋರಿಸೋಣ ಅಂತಲೇ ಒಂದು ಆಟ ಆಡಿದೆ. ಭೂಪ್ ತಿಂಗಳು ಮುಗಿದ ಮೇಲೆ, ಹೆಸರು ಹೇಳದೆ ದೇಶ್ಕಾರ್ ರಾಗ ಹಾಕಿದೆ. ಸ್ವರ ಅವೇ ಐದು. ಸಂಜೆ ಹೊತ್ತಲ್ಲಿ ಬೆಳಗಿನ ರಾಗ ಹಾಕಿದ ಪಾಪ ನನಗಿರಲಿ. ಎರಡು ನಿಮಿಷಕ್ಕೆ ಪಿಯುಸಿ ಓದುವ ಹುಡುಗಿಯೊಬ್ಬಳು, "ಮಾಮಾ, ಇದು ಅದಲ್ರೀ. ಅದು ಕೆಳಗ ಪಡಸಾಲ್ಯಾಗ ಕೂತಿತ್ತು, ಇದು ಅಟ್ಟದ ಮ್ಯಾಲ ಹತ್ತಿ ಕೂತೈತಿ" ಅಂದಳು. ಉತ್ತರಾಂಗ (ಸಪ್ತಕದ ಮೇಲಿನ ಅರ್ಧ), ಧೈವತ ಅಂತೆಲ್ಲ ನಾನು ಹಲಗೆ ಮೇಲೆ ಬರೆದಾಗ ಯಾರಿಗೂ ಹತ್ತಿರಲಿಲ್ಲ. ಗುರುಗಳು ಏನೂ ಅನ್ನಲಿಲ್ಲ, ಚಹಾ ಕುಡಿದು ಹೋದರು.

ಎಲ್ಲ ಪ್ರಯೋಗವೂ ಗೆದ್ದಿತು ಅಂತಲ್ಲ. 78 ಆರ್‌ಪಿಎಂನ ಹಳೆಯ ಗ್ರಾಮೋಫೋನ್ ಪ್ಲೇಟಿನಲ್ಲಿ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ ಮಾತ್ರ, ಹೊಸಬರಿಗೆ ಇದಕ್ಕಿಂತ ಬೇಕಾ ಅಂತ ಕಿರಾಣಾದ ಅಬ್ದುಲ್ ಕರೀಂ ಖಾನರ ಪ್ಲೇಟು ಹುಡುಕಿ ತಂದೆ. ಕೀಲಿ ಕೊಡುವ ಹಳೆಯ ಗ್ರಾಮೋಫೋನನ್ನೂ ರಿಪೇರಿ ಮಾಡಿದೆ. ಐದಾರು ಸಾವಿರ ಹೋಯಿತು. ಜನ ಯಂತ್ರ ನೋಡಿದರು, ಅದರ ಜೊತೆ ಫೋಟೋ ತೆಗೆಸಿಕೊಂಡರು. ಖಾನ್ ಸಾಹೇಬರು ಪಾಪ ಕೊಳವೆಯೊಳಗೆ ಒಬ್ಬರೇ ಹಾಡಿಕೊಂಡರು.

ಸೌಂಡ್ ವಿಷಯ. ಬ್ಲೂಟೂತ್ ಡಬ್ಬಿಯಲ್ಲಿ ತಂಬೂರಿ ಸತ್ತುಹೋಗುತ್ತದೆ, ತಂಬೂರಿ ಇಲ್ಲದಿದ್ದರೆ ಮನೆಗೆ ನೆಲವೇ ಇಲ್ಲದಂತೆ. ಹಳೆಯ ಸ್ಪೀಕರ್ ಜೋಡಿಗೆ 9 ಸಾವಿರ ಕೊಟ್ಟೆ, ಅಂಪ್ಲಿಫೈಯರ್ ನನ್ನದೇ ಕೈಕೆಲಸ. ಖೋಲಿ ಗುಂಯ್‌ಗುಡುತ್ತಿತ್ತು. ದುಬಾರಿ ಫೋಮ್ ಬದಲು ಅವ್ವ ಹೊಲಿದ ನಾಲ್ಕು ಕೌದಿ ಗೋಡೆಗೆ ತೂಗುಹಾಕಿದೆ. ಇದಕ್ಕಿಂತ ಒಳ್ಳೆ ಕೆಲಸ ಅರ್ಧ ಲಕ್ಷ ಕೊಟ್ಟರೂ ಆಗಲ್ಲ. ಸ್ಪೀಕರ್ ಯಾವ ಮೂಲೆಗೆ, ಯಾವ ಎತ್ತರಕ್ಕೆ ಅನ್ನೋದು ಮಾತ್ರ ಹೇಳಲ್ಲ. ಬಂದು ನೋಡಿ ಕಂಡುಹಿಡಿಯಿರಿ. ಮೊದಲ ಭಾನುವಾರದ ಆ ಮೂರು ದ್ರುತ್ ಯಾರದು ಅನ್ನೋದೂ ಅಷ್ಟೇ.

ಈಗ ಜನ ಕಾಣಿಕೆ ಹಾಕುವ ಡಬ್ಬಿಯಲ್ಲಿ ತಿಂಗಳಿಗೆ 1,500ರಷ್ಟು ಬೀಳುತ್ತದೆ. ಗಿರ್ಮಿಟ್ (ಮಂಡಕ್ಕಿ ತಿಂಡಿ), ಚಹಾ ಹೋಗಿ ಕರೆಂಟ್ ಬಿಲ್ಲಿಗೆ ಸರಿ. ಗಿರ್ಮಿಟ್ ಮಾತ್ರ ಕಡೆಗೇ ಕೊಡಿ. ಒಮ್ಮೆ ಮೊದಲೇ ಹಂಚಿ ಇಡೀ ದುರ್ಗಾ ರಾಗ ಕುರುಂ ಕುರುಂ ಆಯಿತು.

ಹೋದ ಜೂನ್‌ನಲ್ಲಿ ಜಂಬ ಜಾಸ್ತಿಯಾಗಿ ಮಾರ್ವಾ ಹಿಡಿದೆ. ಷಡ್ಜಕ್ಕೆ (ಸಾ ಸ್ವರಕ್ಕೆ) ಬಂದು ಕೂರದೆ ಸುತ್ತಲೇ ಓಡಾಡುವ ರಾಗ. ಸಮ್ ಸಿಕ್ಕರೂ ನೆಮ್ಮದಿ ಸಿಗಲಿಲ್ಲ ಅಂದರು ಜನ. ಎರಡನೇ ವಾರ ಏಳು ಮಂದಿ ಬರಲಿಲ್ಲ, ಹುಡುಗನ ಸ್ಕ್ರೂಡ್ರೈವರೂ ಸುಮ್ಮನಿತ್ತು. ಅದು ಹೊತ್ತು ಮುಳುಗುವಾಗಿನ ರಾಗ, ಜೂನ್‌ನಲ್ಲಿ ಆರು ಗಂಟೆಗೆ ಕಿಟಕಿಯಲ್ಲಿ ಬಿಸಿಲು ಹೊಡೆಯುತ್ತಿರುತ್ತದೆ. ಡಿಸೆಂಬರ್ ಮೊದಲ ವಾರ ಆರಕ್ಕೆಲ್ಲ ಇಲ್ಲಿ ಮುಳುಗುತ್ತದೆ. ಆಗ ದೀಪ ಹಚ್ಚದೆ ಇನ್ನೊಮ್ಮೆ ಹಾಕುವವನಿದ್ದೇನೆ.