ನಿಮ್ಮ ಏರಿಯಾದ ಕ್ರೈಮ್ ಲೆಕ್ಕ ಓದುವುದು ಹೇಗೆ?

ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಒಬ್ಬರು 'ಏರಿಯಾದಲ್ಲಿ ಕಳ್ಳತನ ಡಬಲ್ ಆಗಿದೆ' ಅಂತ ಹಾಕಿದ್ದರು. ಎಷ್ಟಿದ್ದದ್ದು ಎಷ್ಟಾಯಿತು ಅಂತ ಕೇಳಿದರೆ, ಎರಡಿದ್ದದ್ದು ನಾಲ್ಕು. ಅಷ್ಟರಲ್ಲಿ ಮೂರು ಮನೆಯವರು ಕ್ಯಾಮೆರಾ ಆರ್ಡರ್ ಮಾಡಿಯಾಗಿತ್ತು. ಪೊಲೀಸ್ ಅಂಕಿಅಂಶ ಓದುವವರು ಎಡವುವುದು ಹೀಗೇ. ಆ ಸಂಖ್ಯೆ ಎಲ್ಲಿ ಹುಟ್ಟಿತು ಅಂತ ಯಾರೂ ನೋಡುವುದಿಲ್ಲ. ಅದನ್ನು ನೋಡುವುದು ಹೇಗೆ ಅಂತ ಹೇಳುತ್ತೇನೆ.

ಮೊದಲ ಹೆಜ್ಜೆ ಸುಲಭ. ಕರ್ನಾಟಕ ಪೊಲೀಸ್ ವೆಬ್‌ಸೈಟ್‌ಗೆ ಹೋಗಿ, ತಿಂಗಳ ಅಪರಾಧ ಪರಿಶೀಲನಾ ಪಟ್ಟಿ ಇಳಿಸಿಕೊಳ್ಳಿ. ಆ ಆ್ಯಪ್ ಈ ಆ್ಯಪ್ ಕೊಡುವ 'ಸೇಫ್ಟಿ ಸ್ಕೋರ್' ನಂಬಬೇಡಿ. ಅದರಲ್ಲಿ ಬಹುತೇಕ ನಾಲ್ಕು ಜನ ಮನೆಯಲ್ಲಿ ಕೂತು 'ಭಯ ಆಗುತ್ತೆ' ಅಂತ ಒತ್ತಿದ್ದನ್ನೇ ಕೂಡಿಸಿರುತ್ತಾರೆ.

ಎರಡನೆಯ ಹೆಜ್ಜೆಯಲ್ಲೇ ಎಲ್ಲರೂ ಜಾರುವುದು. ಪಟ್ಟಿಯಲ್ಲಿರುವುದು ನಡೆದ ಅಪರಾಧಗಳ ಸಂಖ್ಯೆ ಅಲ್ಲ, ಬರೆದುಕೊಂಡ ಎಫ್‌ಐಆರ್‌ಗಳ ಸಂಖ್ಯೆ. ನೀವು ಠಾಣೆಗೆ ಹೋಗಿ ಹೇಳಿದ್ದು ಮೂರು ದಾರಿಯಲ್ಲಿ ಒಂದನ್ನು ಹಿಡಿಯುತ್ತದೆ. ಕೋರ್ಟ್ ಅಪ್ಪಣೆಗೆ ಕಾಯದೆ ಪೊಲೀಸರು ತನಿಖೆ ಮಾಡಬಹುದಾದ ಅಪರಾಧವಾದರೆ, ಹೊಸ ಕಾನೂನಿನ, ಅಂದರೆ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173ನೇ ಸೆಕ್ಷನ್ ಪ್ರಕಾರ ಎಫ್‌ಐಆರ್ ಆಗುತ್ತದೆ. ಅಷ್ಟು ಗಂಭೀರವಲ್ಲದ್ದಾದರೆ ಎನ್‌ಸಿ (ಕೋರ್ಟ್ ಅಪ್ಪಣೆ ಇಲ್ಲದೆ ತನಿಖೆ ಮಾಡುವಂತಿಲ್ಲದ ಪ್ರಕರಣ) ಅಂತ ಬರೆದು, ಹಿಂಬರಹ ಕೊಟ್ಟು ಕಳಿಸುತ್ತಾರೆ. ಮೂರನೆಯದು ನಮ್ಮ ಪಕ್ಕದ ಮನೆಯ ಆಂಟಿಗೆ ಆದದ್ದು. ಬಸ್ ಇಳಿಯುವಾಗ ಬೈಕಿನವನು ಅವರ ಮೊಬೈಲ್ ಕಿತ್ತುಕೊಂಡು ಹೋದ. ನಾನೂ ಜೊತೆಗೆ ಹೋಗಿದ್ದೆ. ಅಲ್ಲಿದ್ದವರು 'ಕಿತ್ಕೊಂಡ್ರು ಅಂತ ಬೇಡಮ್ಮ, ಕಳೆದುಹೋಯ್ತು ಅಂತ ಬರೆದುಕೊಡಿ, ಸಿಮ್ ಬೇಗ ಸಿಗುತ್ತೆ' ಅಂದರು. ಆಂಟಿಗೂ ಸಿಮ್ ಬೇಕಿತ್ತು, ಬರೆದುಕೊಟ್ಟರು. ಅವತ್ತು ಆ ಬಸ್ ಸ್ಟಾಪಿನಲ್ಲಿ ಲೆಕ್ಕದ ಪ್ರಕಾರ ಏನೂ ನಡೆಯಲೇ ಇಲ್ಲ!

ಹಾಗಾಗಿ ಒಂದು ಠಾಣೆಯ ಅಂಕಿ ದಿಢೀರ್ ಏರಿದೆ ಅಂದರೆ ಅಲ್ಲಿ ಕಳ್ಳರು ಜಾಸ್ತಿಯಾಗಿರಬಹುದು, ಇಲ್ಲವೇ ಬಂದವರನ್ನೆಲ್ಲ ಕೂರಿಸಿ ಬರೆದುಕೊಳ್ಳುವ ಹೊಸ ಇನ್‌ಸ್ಪೆಕ್ಟರ್ ಬಂದಿರಬಹುದು. ಮೊದಲ ದಾರಿಯ ಅಪರಾಧವಾದರೆ ಎಫ್‌ಐಆರ್ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಠಾಣೆಯವರು ಆಗಲ್ಲ ಅಂದರೆ ಎಸ್‌ಪಿಗೆ ಬರೆಯಿರಿ, ಆಮೇಲೆ ಮ್ಯಾಜಿಸ್ಟ್ರೇಟ್ ಇದ್ದಾರೆ. 'ಕಳೆದುಹೋಯ್ತು' ಅಂತ ಮಾತ್ರ ಬರೆದುಕೊಡಬೇಡಿ. ಸೈಬರ್ ವಂಚನೆಯಲ್ಲೂ ಇದೇ ಕತೆ. 1930 ಸಹಾಯವಾಣಿಗೆ ಫೋನ್ ಮಾಡಿದ ದೂರುಗಳೆಲ್ಲ ಎಫ್‌ಐಆರ್ ಆಗುವುದಿಲ್ಲ.

ಮೂರನೆಯದು, ಎಣಿಕೆಯ ನಿಯಮ. ಠಾಣೆಯ ರೈಟರ್ ಕಂಪ್ಯೂಟರಿಗೆ ಹಾಕಿದ್ದು ಜಿಲ್ಲೆಯ ಅಪರಾಧ ದಾಖಲೆ ಘಟಕಕ್ಕೆ, ಅಲ್ಲಿಂದ ಬೆಂಗಳೂರಿನ ರಾಜ್ಯ ಘಟಕಕ್ಕೆ, ಅಲ್ಲಿಂದ ದೆಹಲಿಯ ಎನ್‌ಸಿಆರ್‌ಬಿಗೆ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ಹೋಗುತ್ತದೆ. ಎನ್‌ಸಿಆರ್‌ಬಿ ಲೆಕ್ಕದಲ್ಲಿ ಒಂದು ಎಫ್‌ಐಆರ್‌ಗೆ ಒಂದೇ ಅಪರಾಧ, ಅದರಲ್ಲಿ ಅತಿ ದೊಡ್ಡದು ಯಾವುದೋ ಅದು. ಮನೆಗೆ ನುಗ್ಗಿ, ಅಜ್ಜಿಯನ್ನು ಕೊಂದು, ಬಳೆ ಬಿಚ್ಚಿಕೊಂಡು, ಅಂಗಳದಲ್ಲಿದ್ದ ಸ್ಕೂಟರ್ ಹೊಡೆದುಕೊಂಡು ಹೋದರೆ ಅದು ಒಂದು ಕೊಲೆ, ಅಷ್ಟೇ. ಬಳೆ, ಸ್ಕೂಟರ್ ಕಳ್ಳತನದ ಸಾಲಿಗೆ ಬರುವುದಿಲ್ಲ. ಇನ್ನೊಂದು, ಲೆಕ್ಕ ಹಿಡಿಯುವುದು ಕೇಸ್ ದಾಖಲಾದ ದಿನದಿಂದ. ಡಿಸೆಂಬರ್ ಕೊನೆಗೆ ಊರಿಗೆ ಹೋದವರು ಜನವರಿಯಲ್ಲಿ ವಾಪಸ್ ಬಂದು ಬೀಗ ಮುರಿದಿದ್ದು ನೋಡಿ ದೂರು ಕೊಟ್ಟರೆ, ಅದು ಹೊಸ ವರ್ಷದ ಖಾತೆಗೆ. ಆಸ್ಪತ್ರೆಯಲ್ಲಿದ್ದ ಗಾಯಾಳು ತೀರಿಕೊಂಡರೆ ಕೊಲೆ ಯತ್ನ ಕೊಲೆ ಕೇಸಾಗುತ್ತದೆ, ಹಾಗಾಗಿ ತಿಂಗಳುಗಳನ್ನು ಕೂಡಿಸಿದರೆ ವರ್ಷದ ಅಂಕಿ ತಾಳೆಯಾಗಲೇಬೇಕು ಅಂತಿಲ್ಲ.

2024ರ ಅಂಕಿ ಹಿಡಿದುಕೊಂಡು ಹೋಲಿಕೆ ಮಾಡುವವರು ಇದನ್ನು ಎರಡು ಸಲ ಓದಿ. ಆ ವರ್ಷ ಜುಲೈ 1ಕ್ಕೆ ಹಳೇ ದಂಡ ಸಂಹಿತೆ ಐಪಿಸಿ ಹೋಗಿ ಹೊಸದು, ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಬಂತು. ಸರ ಕಿತ್ತರೆ ಮೊದಲು ಕಳ್ಳತನವೋ ಸುಲಿಗೆಯೋ ಆಗಿ ದಾಖಲಾಗುತ್ತಿತ್ತು, ಈಗ ಅದಕ್ಕೇ ಅಂತ 304ನೇ ಸೆಕ್ಷನ್ ಇದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದರೆ ಪೊಲೀಸರು ತಾವಾಗಿ ತನಿಖೆಗೆ ಇಳಿಯುವಂತಿಲ್ಲ, ಅದು ಎನ್‌ಸಿ ದಾರಿ ಹಿಡಿಯುತ್ತದೆ. ಹಳೇ ಸೈಕಲ್ಲು, ನಲ್ಲಿ, ಮೋಟರ್ ವೈರು ಎಲ್ಲ ಆ ಸಾಲಿಗೆ. ಹಾಗಿರುವಾಗ ಕಳ್ಳತನ ಇಳಿಯಿತು ಅಂತ ಸುಮ್ನೆ ಸಂಭ್ರಮ ಪಡುವುದು ಬೇಡ, ಅಲ್ವಾ?

ನಾಲ್ಕನೆಯ ಹೆಜ್ಜೆ, ಭಾಗಾಕಾರ. ಅಪರಾಧ ದರ ಅಂದರೆ ಲಕ್ಷ ಜನಕ್ಕೆ ಎಷ್ಟು ಕೇಸ್ ಅಂತ. ಎನ್‌ಸಿಆರ್‌ಬಿ ಮಹಾನಗರಗಳ ಪಟ್ಟಿಯಲ್ಲಿ ಬೆಂಗಳೂರಿಗೆ ಹಿಡಿಯುವ ಜನಸಂಖ್ಯೆ 2011ರ ಗಣತಿಯದು, 85 ಲಕ್ಷ. 2022ರಲ್ಲಿ ನಗರದ ಸೈಬರ್ ಕೇಸುಗಳು 9,940. ಅದನ್ನು 85ರಿಂದ ಭಾಗಿಸಿದರೆ ಲಕ್ಷಕ್ಕೆ ಹತ್ತಿರತ್ತಿರ 117. ಈಗಿನ ಬೆಂಗಳೂರಿನಲ್ಲಿ 85 ಲಕ್ಷ ಜನ ಮಾತ್ರ ಇದ್ದಾರಾ? ಸಿಲ್ಕ್ ಬೋರ್ಡ್‌ನಲ್ಲಿ ಸಂಜೆ ಆರಕ್ಕೆ ನಿಂತು ನೋಡಿ.

ಐದನೆಯದು, ಹೋಲಿಕೆ. ಈ ತಿಂಗಳನ್ನು ಹೋದ ತಿಂಗಳ ಜೊತೆ ಹೋಲಿಸಬೇಡಿ, ಹೋದ ವರ್ಷದ ಇದೇ ತಿಂಗಳ ಜೊತೆ ಹೋಲಿಸಿ. ಬೇಸಿಗೆ ರಜೆಗೆ ಮನೆಗಳಿಗೆ ಬೀಗ ಬೀಳುತ್ತದೆ, ಅದು ಪ್ರತಿ ವರ್ಷದ ಹಾಡು. ನಾನಂತೂ ಒಟ್ಟು ಸಂಖ್ಯೆ ನೋಡುವುದೇ ಇಲ್ಲ. ನೋಡುವುದು ಎರಡೇ ಸಾಲು: ರಾತ್ರಿ ಕನ್ನ ಕಳವು ಮತ್ತು ವಾಹನ ಕಳವು. ಗಾಡಿ ಕಳೆದುಕೊಂಡವರು ಇನ್ಶೂರೆನ್ಸ್‌ಗೆ ಎಫ್‌ಐಆರ್ ಬೇಕು ಅಂತ ಹಟ ಹಿಡಿಯುತ್ತಾರೆ, ಹಾಗಾಗಿ ಆ ಅಂಕಿ ನಿಜಕ್ಕೆ ಹತ್ತಿರ ಇರುತ್ತದೆ.

ನಿಮ್ಮ ಠಾಣೆಯದ್ದೇ ಲೆಕ್ಕ ಬೇಕು ಅಂದರೆ ಆರ್‌ಟಿಐ ಹಾಕಿ. 10 ರೂಪಾಯಿ, 30 ದಿನ. ಎಫ್‌ಐಆರ್ ಸಂಖ್ಯೆ, ದಿನಾಂಕ, ಸೆಕ್ಷನ್ ಇಷ್ಟೇ ಕೇಳಿ, ಹೆಸರು ವಿಳಾಸ ಕೇಳಬೇಡಿ. ಪ್ರತಿ ಠಾಣೆಯಲ್ಲಿ ಜನವರಿಗೆ ಸಂಖ್ಯೆ ಒಂದರಿಂದ ಶುರುವಾಗುವುದರಿಂದ ಕೊನೆಯ ನಂಬರ್ ನೋಡಿದರೂ ವರ್ಷಕ್ಕೆ ಎಷ್ಟು ಅಂತ ಗೊತ್ತಾಗುತ್ತದೆ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರುವಂತಿಲ್ಲ, ಒಂದು ಅರ್ಜಿಗೆ ಒಂದೇ ವಿಷಯ. ನನ್ನ ಮೊದಲ ಅರ್ಜಿ ಎರಡು ಪುಟ ಇತ್ತು. ಹೋದ ದಾರಿಯಲ್ಲೇ ವಾಪಸ್ ಬಂತು.