ಫಿಶ್‌ಐ ವಿಡಿಯೊ ವಿಆರ್‌ಗೆ ಹೊಂದಿಸಿದ್ದು: ದುರ್ಗದ ಕೋಟೆಯಲ್ಲಿ ನನ್ನ ಅನುಭವ

ದಾವಣಗೆರೆಯಲ್ಲಿ ನನ್ನದು ಮದುವೆ ವಿಡಿಯೊ ಕೆಲಸ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಸ್ಟುಡಿಯೊ ಖಾಲಿ. ಆ ಬಿಡುವಿನಲ್ಲೇ ಚಿತ್ರದುರ್ಗದ ಕೋಟೆಯನ್ನು ವಿಆರ್ ಹೆಡ್‌ಸೆಟ್‌ನಲ್ಲಿ (ಕಣ್ಣಿಗೆ ಕಟ್ಟಿಕೊಂಡು ನೋಡುವ ಸಾಧನ) ಸುತ್ತಲೂ ತಿರುಗಿ ನೋಡುವಂತೆ ಶೂಟ್ ಮಾಡಿದೆ. ಕ್ಯಾಮೆರಾ ಸೆಕೆಂಡ್ ಹ್ಯಾಂಡ್. ಮುಂದೊಂದು ಹಿಂದೊಂದು, ಎರಡು ಫಿಶ್‌ಐ ಲೆನ್ಸ್, ತುಂಬ ಅಗಲಕ್ಕೆ ನೋಡುವಂಥವು. ಎರಡನ್ನೂ ಜೋಡಿಸಿ ಕೊಡಬೇಕಿದ್ದ ಆ್ಯಪ್ ಈಗಿನ ಫೋನ್‌ಗಳಲ್ಲಿ ಇನ್‌ಸ್ಟಾಲೇ ಆಗುವುದಿಲ್ಲ. ಕಂಪನಿಯವರು ಅದನ್ನು ಕೈಬಿಟ್ಟು ಎಷ್ಟೋ ಕಾಲ ಆಗಿದೆ. ಅಗ್ಗಕ್ಕೆ ಸಿಕ್ಕಿದ್ದೂ ಅದಕ್ಕೇ ಅನ್ನಿ.

ಕ್ಯಾಮೆರಾದಿಂದ ನೇರವಾಗಿ ಬರುವ ಫೈಲ್ ಹೀಗಿರುತ್ತದೆ: 3840×1920 ಪಿಕ್ಸೆಲ್‌ನ ಒಂದು ಫ್ರೇಮ್, ಅದರಲ್ಲಿ ಅಕ್ಕಪಕ್ಕ ಎರಡು ದುಂಡು ಚಿತ್ರ. ಒಂದರಲ್ಲಿ ಮುಂದಿನ ಅರ್ಧ ಲೋಕ, ಇನ್ನೊಂದರಲ್ಲಿ ಹಿಂದಿನ ಅರ್ಧ. ಹೆಡ್‌ಸೆಟ್‌ಗೆ ಇದು ನಡೆಯುವುದಿಲ್ಲ. ಅದಕ್ಕೆ ಬೇಕಾದ್ದು ಅಗಲ ಎತ್ತರದ ಎರಡರಷ್ಟು ಇರುವ ಚೌಕಟ್ಟು. ಅಗಲದಲ್ಲಿ 360 ಡಿಗ್ರಿ, ಎತ್ತರದಲ್ಲಿ 180. ಇದಕ್ಕೆ ಇಕ್ವಿರೆಕ್ಟಾಂಗ್ಯುಲರ್ ಅನ್ನುತ್ತಾರೆ. ಶಾಲೆಯ ಗೋಡೆಗೆ ನೇತುಹಾಕುವ ಪ್ರಪಂಚದ ನಕ್ಷೆ ಇದ್ದಂತೆ: ನಡುವೆ ಎಲ್ಲ ಸರಿ, ಮೇಲೆ ಕೆಳಗೆ ಹೋದಷ್ಟೂ ಅಡ್ಡಡ್ಡ ಎಳೆದಂತೆ ಕಾಣುತ್ತದೆ. ಪ್ಲೇಯರ್ ಅದನ್ನು ಮತ್ತೆ ಗೋಳದ ಒಳಮೈಗೆ ಸುತ್ತುತ್ತದೆ. ನೋಡುವವರು ಆ ಗೋಳದ ನಟ್ಟನಡುವೆ ಇರುತ್ತಾರೆ.

ಈ ಬದಲಾವಣೆಗೆ ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳಬೇಕಾಗಿಲ್ಲ. ಎಫ್ಎಫ್ಎಂಪೆಗ್ ಅನ್ನುವ ವಿಡಿಯೊ ಸಾಫ್ಟ್‌ವೇರ್ ಉಚಿತ. 2020ರಲ್ಲಿ ಬಂದ ಅದರ 4.3 ಆವೃತ್ತಿಯಿಂದ 'ವಿ360' ಅನ್ನುವ ಫಿಲ್ಟರ್ ಇದೆ, ಈ ರೂಪ ಬದಲಿಸುವ ಕೆಲಸ ಅದರದ್ದು. ಒಳಗೆ ಬರುವುದು ಜೋಡಿ ಫಿಶ್‌ಐ, ಹೊರಗೆ ಹೋಗಬೇಕಾದ್ದು ಇಕ್ವಿರೆಕ್ಟ್, ಲೆನ್ಸ್ ಇಷ್ಟು ಡಿಗ್ರಿ ಅಗಲಕ್ಕೆ ನೋಡುತ್ತದೆ ಅಂತ ಹೇಳಿದರೆ ಸಾಕು. ಒಂದೇ ಸಾಲಿನ ಕಮಾಂಡ್. ಆದರೆ ಆ 'ಇಷ್ಟು ಡಿಗ್ರಿ' ಇದೆಯಲ್ಲ, ಇಡೀ ಕೆಲಸ ನಿಂತಿರುವುದೇ ಅದರ ಮೇಲೆ.

ನನ್ನ ತಂಗಿ ಮಗ ಇಲ್ಲೇ ಬಿಡಿಟಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ನಾನು ಕ್ಯಾಮೆರಾದ ಪುಸ್ತಕ ತಿರುವಿ ಹಾಕುವುದನ್ನು ನೋಡಿ, "ಮಾವ, ಪುಸ್ತಕದಾಗಿಂದು ಬಿಡ್ರಿ, ನಾವೇ ಅಳದು ನೋಡೋಣ" ಅಂದ. ಮಹಡಿ ಮೇಲೆ ರಂಗೋಲಿ ಪುಡಿಯಲ್ಲಿ ದೊಡ್ಡ ವೃತ್ತ ಬರೆದೆವು. ಹತ್ತತ್ತು ಡಿಗ್ರಿಗೆ ಒಂದು ಗೆರೆ, ಗೆರೆಯ ತುದಿಗೆ ಒಂದೊಂದು ನೀರಿನ ಬಾಟಲಿ. ಲೆನ್ಸ್ ಸರಿಯಾಗಿ ನಡುಬಿಂದುವಿನ ಮೇಲೆ ಬರುವಂತೆ, ಬಾಟಲಿಯ ಕತ್ತಿನಷ್ಟೇ ಎತ್ತರದಲ್ಲಿ ಕ್ಯಾಮೆರಾ ಇಟ್ಟು ಒಂದು ಫ್ರೇಮ್ ತೆಗೆದೆವು. ಆಮೇಲೆ ಗಿಂಪ್ ಅನ್ನುವ ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಪಿಕ್ಸೆಲ್ ಎಣಿಸಿದೆವು. ದುಂಡು ಚಿತ್ರದ ನಡುವಿನಿಂದ ಅಂಚಿಗೆ 950 ಪಿಕ್ಸೆಲ್. 90 ಡಿಗ್ರಿಯ ಬಾಟಲಿ ಇದ್ದದ್ದು 877ರಲ್ಲಿ. ಅಂದರೆ ಅಂಚು 97.5 ಡಿಗ್ರಿ, ಪೂರ್ತಿ ಲೆನ್ಸ್ 195. ಎರಡೂ ಲೆನ್ಸ್ 180ಕ್ಕಿಂತ 15 ಡಿಗ್ರಿ ಜಾಸ್ತಿ ನೋಡುತ್ತವೆ. ಎರಡಕ್ಕೂ ಕಾಣುವ ಈ 15 ಡಿಗ್ರಿ ಪಟ್ಟಿಯಲ್ಲೇ ಜೋಡಣೆ ನಡೆಯಬೇಕು. 3840 ಅಗಲದ ವಿಡಿಯೊದಲ್ಲಿ ಅದು ಸುಮಾರು 160 ಪಿಕ್ಸೆಲ್.

ಅಳೆಯುವುದಕ್ಕೆ ಪುರಸೊತ್ತಿಲ್ಲ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಎರಡು ಲೆನ್ಸ್ ಸೇರುವ ಕಡೆ ಯಾರನ್ನಾದರೂ ದೂರದಲ್ಲಿ ನಿಲ್ಲಿಸಿ. ಡಿಗ್ರಿ ಕಡಿಮೆ ಕೊಟ್ಟಿದ್ದರೆ ಆ ಮನುಷ್ಯ ಎರಡೆರಡಾಗಿ ಕಾಣುತ್ತಾನೆ. ಜಾಸ್ತಿ ಕೊಟ್ಟಿದ್ದರೆ ಸಣಕಲಾಗುತ್ತಾನೆ, ಇಲ್ಲಾ ಮಾಯವೇ ಆಗುತ್ತಾನೆ. ಒಂದೊಂದೇ ಡಿಗ್ರಿ ಏರಿಸುತ್ತಾ ಇಳಿಸುತ್ತಾ ಬಂದರೆ ಸರಿಯಾದ ಅಂಕಿ ಸಿಗುತ್ತದೆ. ಇಡೀ ವಿಡಿಯೊ ಓಡಿಸುತ್ತಾ ಕೂರಬೇಡಿ, ಒಂದು ಫ್ರೇಮ್ ಸಾಕು.

ಇನ್ನೊಂದು ಸೂಕ್ಷ್ಮ ಇದೆ. ದುಂಡು ಚಿತ್ರ ತನ್ನ ಅರ್ಧ ಫ್ರೇಮಿನ ನಟ್ಟನಡುವೆಯೇ ಇರಬೇಕು ಅಂತೇನಿಲ್ಲ. ನನ್ನದರಲ್ಲಿ ಒಂದು ಲೆನ್ಸಿನದು ಕೆಲವು ಪಿಕ್ಸೆಲ್ ಎಡಕ್ಕೆ ಸರಿದಿತ್ತು. ಫಿಲ್ಟರ್‌ಗೆ ಇದು ಗೊತ್ತಾಗುವುದಿಲ್ಲ. ಕೊಟ್ಟ ಚೌಕದ ತುಂಬ ವೃತ್ತ ಇದೆ ಅಂತಲೇ ಅದು ನಂಬುತ್ತದೆ. ಅದಕ್ಕೆ ಮೊದಲು ಎರಡೂ ವೃತ್ತಗಳನ್ನು ಅಂಚಿಗೆ ಸರಿಯಾಗಿ ಕತ್ತರಿಸಿ, ಬೇರೆ ಬೇರೆಯಾಗಿಯೇ ಇಕ್ವಿರೆಕ್ಟ್ ಮಾಡಿಕೊಂಡೆ. ಆಮೇಲೆ ಅಂಚು ಮೆತ್ತಗೆ ಮಾಡಿದ ಕಪ್ಪು ಬಿಳುಪಿನ ಮಾಸ್ಕ್ (ಎಲ್ಲಿ ಯಾವ ಲೆನ್ಸಿನ ಚಿತ್ರ ಕಾಣಬೇಕು ಅಂತ ತೋರಿಸುವ ಚಿತ್ರ) ಇಟ್ಟು 'ಮಾಸ್ಕ್ಡ್‌ಮರ್ಜ್' ಫಿಲ್ಟರ್‌ನಿಂದ ಬೆರೆಸಿದೆ. ಜೋಡಿ ಫಿಶ್‌ಐ ಅಂತ ಒಂದೇ ಸಲ ಕೊಟ್ಟರೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಗೆರೆ ಬೀಳುತ್ತದೆ, ಬೆರೆಸುವ ಕೆಲಸ ಆಗುವುದಿಲ್ಲ.

ನಡುವಿನಿಂದ ಅಂಚಿನವರೆಗೆ ಡಿಗ್ರಿಗೆ ಇಷ್ಟೇ ಪಿಕ್ಸೆಲ್ ಅನ್ನುವ ಲೆಕ್ಕದಲ್ಲಿ ಫಿಲ್ಟರ್ ನಡೆಯುತ್ತದೆ. ನಿಜವಾದ ಲೆನ್ಸ್ ಅಂಚಿನ ಹತ್ತಿರ ಸ್ವಲ್ಪ ಹಿಚುಕುತ್ತದೆ. ಬಾಟಲಿಗಳ ಅಳತೆಯಲ್ಲಿ ಅದು ಕಂಡಿತು. ಹುಡುಗ ಆ ಅಂಕಿಗಳನ್ನು ಪೈಥಾನ್ ಭಾಷೆಯ ಪ್ರೋಗ್ರಾಮಿಗೆ ಹಾಕಿ, ಯಾವ ಪಿಕ್ಸೆಲ್ ಎಲ್ಲಿಂದ ತರಬೇಕು ಅಂತ ಹೇಳುವ ಎರಡು ಮ್ಯಾಪ್ ಚಿತ್ರ ಮಾಡಿಕೊಟ್ಟ. ಎಫ್ಎಫ್ಎಂಪೆಗ್‌ನ 'ರೀಮ್ಯಾಪ್' ಫಿಲ್ಟರ್ ಅವನ್ನು ಓದುತ್ತದೆ. ವ್ಯತ್ಯಾಸ ಇದೆ, ಆದರೆ ಹೇಳಿಕೊಳ್ಳುವಷ್ಟಲ್ಲ. ಜೋಡಣೆಯ ಹತ್ತಿರ ಸರಿ ಹೊಂದುವ ಡಿಗ್ರಿ ಕೊಟ್ಟರೆ ನಡುವಿನ ಸಣ್ಣ ಎಳೆತ ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲ ಸಲ ಮಾಡುವವರು ಇದನ್ನು ತಲೆಗೆ ಹಚ್ಚಿಕೊಳ್ಳಬೇಡಿ.

ಇನ್ನು ಕೋಟೆ. ಹೈವೇ ಹಿಡಿದರೆ ನಮ್ಮೂರಿಂದ 60 ಕಿಲೋಮೀಟರ್ ಆಸುಪಾಸು. ಕೋಟೆ ಪುರಾತತ್ವ ಇಲಾಖೆಯ ಕೈಯಲ್ಲಿದೆ, ಸ್ಟ್ಯಾಂಡ್ ಹಾಕಿ ಶೂಟ್ ಮಾಡುವುದಾದರೆ ಮೊದಲೇ ಕೇಳಿ ಅನುಮತಿ ಪಡೆಯಬೇಕು. ಆಷಾಢದ ಗಾಳಿಗೆ ತೆಳು ಕಂಬದ ಸ್ಟ್ಯಾಂಡ್ ನಿಲ್ಲುವುದಿಲ್ಲ, ಕಾಲಿಗೆ ಭಾರ ಕಟ್ಟಲೇಬೇಕು. ಆದರೆ ಆಷಾಢದ ಮೋಡ ಮಾತ್ರ ದೊಡ್ಡ ಉಪಕಾರ ಮಾಡಿತು. ಬಿಸಿಲಿದ್ದರೆ ಒಂದು ಲೆನ್ಸಿಗೆ ಸೂರ್ಯ, ಇನ್ನೊಂದಕ್ಕೆ ನೆರಳು. ಎರಡು ಅರ್ಧ ಎರಡು ಬಣ್ಣ ಆಗುತ್ತವೆ. ಮೋಡದಲ್ಲಿ ಬೆಳಕು ಎಲ್ಲ ಕಡೆ ಒಂದೇ. ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಎರಡನ್ನೂ ತಾವಾಗಿ ಬದಲಾಗದಂತೆ ಲಾಕ್ ಮಾಡಿಬಿಟ್ಟೆ.

ಇಲ್ಲಿನ ಗೋಡೆ ಜೋಡಣೆಗೆ ಒಳ್ಳೆಯ ಪರೀಕ್ಷೆ. ಗಾರೆ ಇಲ್ಲದೆ ಕೂರಿಸಿದ ದಪ್ಪ ಕಲ್ಲುಗಳು, ನಡುವೆ ಸಂದುಗಳ ಗೆರೆ. ಆಕಾಶ, ಪೊದೆ ಎಲ್ಲ ತಪ್ಪು ಮುಚ್ಚಿಕೊಳ್ಳುತ್ತವೆ. ಕಲ್ಲಿನ ಸಂದು ಒಂದು ಪಿಕ್ಸೆಲ್ ತಪ್ಪಿದರೂ ಹೇಳಿಬಿಡುತ್ತದೆ. ಮಟ್ಟ ನೋಡುವುದಕ್ಕೆ ಮೇಲಿನ ಗುಡಿಗಳ ಹತ್ತಿರದ ಕಲ್ಲಿನ ಉಯ್ಯಾಲೆ ಕಂಬ ಸಿಕ್ಕಿತು. ಇಕ್ವಿರೆಕ್ಟ್ ಚಿತ್ರದಲ್ಲಿ ನೆಟ್ಟಗೆ ನಿಂತ ಕಂಬ ನೆಟ್ಟಗೇ ಇರಬೇಕು. ವಾಲಿದ್ದರೆ ಕ್ಯಾಮೆರಾ ವಾಲಿದೆ ಅಂತಲೇ ಅರ್ಥ. ಫಿಲ್ಟರ್‌ನಲ್ಲೇ ಪಿಚ್ (ಮುಂದೆ ಹಿಂದೆ ಬಾಗಿಸುವುದು), ರೋಲ್ (ಪಕ್ಕಕ್ಕೆ ವಾಲಿಸುವುದು) ಕೊಟ್ಟು ಸರಿಪಡಿಸಬಹುದು. ಅಡ್ಡ ಗೆರೆಗಳು ಮಾತ್ರ ಬಾಗಿಯೇ ಕಾಣುತ್ತವೆ, ಅದಕ್ಕೆ ಗಾಬರಿ ಬೇಡ, ಹೆಡ್‌ಸೆಟ್‌ನಲ್ಲಿ ಸರಿಯಾಗುತ್ತವೆ. ಮಟ್ಟ ತಪ್ಪಿದ ವಿಡಿಯೊ ಹಾಕಿಕೊಂಡು ಕೂತವರಿಗೆ ತಲೆ ತಿರುಗುತ್ತದೆ. ಕ್ಯಾಮೆರಾ ಹಿಡಿದು ನಡೆದರಂತೂ ಇನ್ನೂ ಜಾಸ್ತಿ. ಅದಕ್ಕೇ ನಾನು ಒಂದೊಂದು ಜಾಗದಲ್ಲಿ ಸುಮ್ನೆ ನಿಲ್ಲಿಸಿ, ದೂರ ಹೋಗಿ ಬಂಡೆ ಹಿಂದೆ ಕೂತೆ.

ನಿಜವಾದ ಕಷ್ಟ ಇದ್ದದ್ದು ಓಬವ್ವನ ಕಿಂಡಿಯ ಹತ್ತಿರ. ಎಲ್ಲರೂ ಮೊದಲು ಕೇಳುವುದು ಅದನ್ನೇ, ಆದರೆ ಅಲ್ಲಿ ಬಂಡೆ ಮೈಗೆ ತಾಗುವಷ್ಟು ಹತ್ತಿರ. ಎರಡು ಲೆನ್ಸ್ ನಡುವೆ ಸುಮಾರು 3 ಸೆಂಟಿಮೀಟರ್ ಅಂತರ ಇದೆ ಅಂತ ಇಟ್ಟುಕೊಳ್ಳಿ. 3 ಮೀಟರ್ ದೂರದ ಕಲ್ಲು ಜೋಡಣೆಯಲ್ಲಿ ಆರೇಳು ಪಿಕ್ಸೆಲ್ ಸರಿದು ಕಾಣುತ್ತದೆ, ನಡೆಯುತ್ತದೆ. ಅರ್ಧ ಮೀಟರ್ ದೂರದ್ದು ಸುಮಾರು 37 ಪಿಕ್ಸೆಲ್ ಸರಿಯುತ್ತದೆ. ಡಿಗ್ರಿ ಬದಲಿಸಿದರೂ ಇದು ಹೋಗುವುದಿಲ್ಲ, ಎರಡು ಕಣ್ಣು ಎರಡು ಕಡೆ ಇವೆ ಅಲ್ವಾ. ಹತ್ತಿರದ್ದಕ್ಕೆ ಹೊಂದಿಸಿದರೆ ದೂರದ್ದು ತಪ್ಪುತ್ತದೆ.

ಉಪಾಯ ಕ್ಯಾಮೆರಾ ತಿರುಗಿಸುವುದರಲ್ಲಿದೆ. ಸಾಮಾನ್ಯವಾಗಿ ಒಂದು ಲೆನ್ಸ್ ದಾರಿಯ ಕಡೆ ಮುಖ ಮಾಡಿ ಇಡುತ್ತೇವೆ. ಆಗ ಜೋಡಣೆ ಎಡಬಲದ ಬಂಡೆಯ ಮೇಲೆಯೇ ಬೀಳುತ್ತದೆ. ನಾನು ಎರಡೂ ಲೆನ್ಸನ್ನು ಬಂಡೆಗಳಿಗೆ ಎದುರಾಗಿ ಇಟ್ಟೆ. ಜೋಡಣೆ ದಾರಿಯ ಮುಂದಕ್ಕೂ ಹಿಂದಕ್ಕೂ ಹೋಯಿತು, ಅಲ್ಲಿ ಎಲ್ಲವೂ ದೂರ. ಆಮೇಲೆ ಫಿಲ್ಟರ್‌ನಲ್ಲಿ 'ಯಾ' (ಎಡಬಲಕ್ಕೆ ತಿರುಗಿಸುವುದು) 90 ಡಿಗ್ರಿ ಕೊಟ್ಟು ದಾರಿಯನ್ನು ಎದುರಿಗೆ ತಂದೆ. ಇದಕ್ಕೂ ಬೆಲೆ ತೆರಬೇಕು: ಲೆನ್ಸಿನ ಅಂಚು ಯಾವಾಗಲೂ ಸ್ವಲ್ಪ ಮಸುಕು, ಈಗ ಆ ಮಸುಕು ನೋಡುವವರ ಎದುರಿಗೇ ಬಂತು. ನನಗೆ ಮುರಿದ ಬಂಡೆಗಿಂತ ಮಸುಕು ದಾರಿ ವಾಸಿ ಅನ್ನಿಸಿತು.

ಮಸುಕಿನ ವಿಷಯ ಬಂತಲ್ಲ, ಒಂದು ಲೆಕ್ಕ ಹೇಳುತ್ತೇನೆ. 3840 ಪಿಕ್ಸೆಲ್ 360 ಡಿಗ್ರಿಗೆ ಹಂಚಿದರೆ ಡಿಗ್ರಿಗೆ ಹತ್ತೂವರೆ ಚಿಲ್ಲರೆ. ಹೆಡ್‌ಸೆಟ್‌ನಲ್ಲಿ ಒಂದು ನೋಟಕ್ಕೆ 90 ಡಿಗ್ರಿ ಕಂಡರೆ ಕಣ್ಣಿಗೆ ಸಿಗುವುದು ಬರೀ 960 ಪಿಕ್ಸೆಲ್. ಹೆಸರಿಗೆ 4ಕೆ, ನೋಡುವಾಗ ಹಳೇ ಡಿವಿಡಿ ಕಾಲದ ನೆನಪು. ಕೋಟೆಯ ತುದಿಯಿಂದ ಕಾಣುವ ಗಾಳಿಯಂತ್ರಗಳು ಕೂದಲೆಳೆ ಆಗುತ್ತವೆ. ಅದಕ್ಕೆ ದೂರದ ನೋಟ ಬಿಟ್ಟು, ಎರಡು ಮೂರು ಮೀಟರ್‌ನಲ್ಲಿ ಬಂಡೆ, ಮೆಟ್ಟಿಲು, ಬಾಗಿಲು ಇರುವ ಜಾಗ ಆರಿಸಿದೆ. ಅಂಥ ಕಡೆ ಕಲ್ಲಿನ ಉಬ್ಬು ತಗ್ಗು ಚೆನ್ನಾಗಿ ಕಾಣುತ್ತದೆ, ಅಲ್ಲೇ ನಿಂತ ಹಾಗೆ ಅನ್ನಿಸುತ್ತದೆ. ಕ್ಯಾಮೆರಾ ಎತ್ತರ ಐದಡಿ ಒಳಗೇ ಇರಲಿ. ಏರಿಸಿದರೆ ನೋಡುವವರಿಗೆ ಗಾಳಿಯಲ್ಲಿ ತೇಲಿದ ಹಾಗಾಗುತ್ತದೆ.

ಕೊನೆಗೆ ಎಚ್.265 ಅನ್ನುವ ವಿಡಿಯೊ ಕುಗ್ಗಿಸುವ ವಿಧಾನದಲ್ಲಿ ಎನ್‌ಕೋಡ್ ಮಾಡಿದೆ. ಬಿಟ್‌ರೇಟ್‌ನಲ್ಲಿ (ಸೆಕೆಂಡಿಗೆ ಎಷ್ಟು ಡೇಟಾ ಅನ್ನುವುದು) ಜಿಪುಣತನ ಮಾಡಬೇಡಿ, ಕಲ್ಲಿನ ಮೈಯೆಲ್ಲ ಮೇಣದ ಹಾಗಾಗಿಬಿಡುತ್ತದೆ. ಇಷ್ಟಾದ ಮೇಲೂ ಇದು ಗೋಳದ ವಿಡಿಯೊ ಅಂತ ಪ್ಲೇಯರ್‌ಗೆ ಗೊತ್ತಾಗಲು ಫೈಲಿನೊಳಗೆ ಒಂದು ಗುರುತು ಬೇಕು. ಗೂಗಲ್‌ನವರ ಉಚಿತ ಸ್ಪೇಷಿಯಲ್ ಮೀಡಿಯಾ ಮೆಟಾಡೇಟಾ ಇಂಜೆಕ್ಟರ್‌ನಲ್ಲಿ ಫೈಲ್ ತೆರೆದು, ಒಂದು ಟಿಕ್ ಹಾಕಿ ಉಳಿಸಿದರೆ ಆಯಿತು. ಯೂಟ್ಯೂಬ್ 2015ರಿಂದ ಇಂಥ ವಿಡಿಯೊ ತೆಗೆದುಕೊಳ್ಳುತ್ತದೆ, ಅದು ನೋಡುವುದೂ ಈ ಗುರುತನ್ನೇ. ಗುರುತು ಹಾಕುವುದು ಎಲ್ಲಕ್ಕಿಂತ ಕೊನೆಯ ಕೆಲಸ ಆಗಿರಲಿ. ಆಮೇಲೆ ಎಡಿಟಿಂಗ್ ಸಾಫ್ಟ್‌ವೇರ್‌ಗೆ ಹಾಕಿ ಮತ್ತೆ ರೆಂಡರ್ ಮಾಡಿದರೆ ಗುರುತು ಉಳಿಯುತ್ತದೆ ಅನ್ನುವ ಭರವಸೆ ಇಲ್ಲ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ವಿಡಿಯೊ ಅಂತ ಕಳಿಸಬೇಡಿ, ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲಾ ಪೆನ್‌ಡ್ರೈವ್‌ನಲ್ಲಿ ಕೊಟ್ಟುಬಿಡಿ.